ತುಂಡಾದ ಸ್ಯಾಂಡಿಂಗ್ ಬೆಲ್ಟಿನ ದುರಸ್ತಿ: ಮನೆಯ ಕಾರ್ಯಾಗಾರದ ಒಂದು ಪಾಠ

ಮುರಿದ ವಸ್ತುವನ್ನು ಕಂಡಾಗ ಮನುಷ್ಯನಿಗೆ ಸಾಮಾನ್ಯವಾಗಿ ಎರಡು ಬಗೆಯ ಯೋಚನೆಗಳು ಹುಟ್ಟುವುದುಂಟು. ಅದನ್ನು ಎಸೆದು ಹೊಸದನ್ನು ತರೋಣವೆಂಬುದು ಒಂದು. ಹೇಗಾದರೂ ಅಂಟಿಸಿ ಅದರಿಂದಲೇ ಕೆಲಸ ಸಾಗಿಸೋಣವೆಂಬುದು ಇನ್ನೊಂದು. ಮೊದಲನೆಯದರಿಂದ ಹಣ ಪೋಲಾಗುವುದು. ಎರಡನೆಯದರಿಂದ ಕೆಲವೊಮ್ಮೆ ಕೈಗೂ ಕಣ್ಣಿಗೂ ಅಪಾಯ ಒದಗುವುದು. ಇವೆರಡಕ್ಕಿಂತಲೂ ಮೇಲಾದ ಮೂರನೆಯ ದಾರಿಯೊಂದಿದೆ. ವಸ್ತುವು ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂಬುದನ್ನು ಮೊದಲು ವಿಚಾರಿಸಿ, ಅದು ದುರಸ್ತಿಗೆ ಯೋಗ್ಯವೋ ಅಲ್ಲವೋ ಎಂದು ನಿಶ್ಚಯಿಸಿ, ಆಮೇಲೆ ಕೆಲಸಕ್ಕೆ ಕೈಯಿಕ್ಕುವುದೇ ಆ ದಾರಿ. ಮರವನ್ನು ಉಜ್ಜಿ ನುಣುಪುಮಾಡುವ ಯಂತ್ರದ ಒಂದು ಚಿಕ್ಕ ಭಾಗವನ್ನು ನಿದರ್ಶನವಾಗಿ ತೆಗೆದುಕೊಂಡು ಈ ದಾರಿಯನ್ನು ನಾವು ಇಲ್ಲಿ ವಿವರಿಸುವೆವು.

ಮೊಗ್ರಾಲು ಹೊಳೆಗೂ ಕಡಲಿಗೂ ಹೊಂದಿಕೊಂಡ ಊರು. ತೆಂಗು ಇಲ್ಲಿಯ ಮನೆಮನೆಯ ಮರ. ನಮ್ಮ ನೆರೆಯ ಕೂಡ್ಲುವಿನಲ್ಲಿ ತೆಂಗಿನ ಸಂಶೋಧನೆಗಾಗಿಯೇ 1916ರಲ್ಲಿ ಒಂದು ಕೇಂದ್ರವು ಸ್ಥಾಪಿತವಾಯಿತು. ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಅದರಿಂದಲೇ ಬೆಳೆದು ಬಂದುದು. ಕಾಯಿ ಅಡುಗೆಗೆ, ನಾರು ಹಗ್ಗಕ್ಕೆ, ಸೋಗೆ ಮಾಡಿಗೆ ಸಂದ ಮೇಲೆ ಉಳಿಯುವ ಗೆರಟೆಯಿಂದ ಸೌಟು, ಬಟ್ಟಲು, ಗುಂಡಿ, ದೀಪದ ಮುಚ್ಚಳ ಮುಂತಾದುವನ್ನು ಮಾಡುವವರಿದ್ದಾರೆ. ಕೇರಳದ ಶಾಲೆಗಳ ವೃತ್ತಿಪರಿಚಯ ಮೇಳದಲ್ಲಿಯೂ ಗೆರಟೆಯ ಕೆಲಸಕ್ಕೆ ಸ್ಥಾನವುಂಟು. ಗೆರಟೆಯನ್ನು ಕತ್ತರಿಸುವುದಕ್ಕೆ ಸ್ವಲ್ಪ ಹೊತ್ತು ಸಾಕು. ಅದರ ಹೊರಮೈಯ ನಾರನ್ನು ತೆಗೆದು ನುಣುಪುಗೊಳಿಸುವುದಕ್ಕೆ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಆದುದರಿಂದಲೇ ಮನೆಯ ಚಾವಡಿಯಲ್ಲಿಯೋ ಕೊಟ್ಟಿಗೆಯ ಮೂಲೆಯಲ್ಲಿಯೋ ಚಿಕ್ಕ ಕಾರ್ಯಾಗಾರವನ್ನು ಇಟ್ಟುಕೊಂಡವರು ಇಂದು ಬೆಲ್ಟ್ ಸ್ಯಾಂಡರ್ ಎಂಬ ವಿದ್ಯುತ್ ಯಂತ್ರವನ್ನು ಕೊಳ್ಳುವರು. ಎರಡು ಉರುಳೆಗಳ ಮೇಲೆ ಕೊನೆಯಿಲ್ಲದಂತೆ ಸುತ್ತುವ ಮರಳುಕಾಗದದ ಉಂಗುರವೇ ಅದರ ಪ್ರಾಣ. ಈ ಉಂಗುರವನ್ನು ಪೇಟೆಯಲ್ಲಿ ಸ್ಯಾಂಡಿಂಗ್ ಬೆಲ್ಟ್ ಎನ್ನುವರು. ನಾವು ಬೆಲ್ಟು ಎಂದೇ ಕರೆಯೋಣ. ಕೆಲಸದ ನಡುವೆ ಅದು ಫಟ್ಟೆಂದು ತುಂಡಾದರೆ ಯಂತ್ರವಿದ್ದೂ ಇಲ್ಲದಂತಾಗುವುದು.

ಉಜ್ಜುವ ವಿದ್ಯೆಯ ಹಿನ್ನೆಲೆ

ಒರಟಾದುದರಿಂದ ಉಜ್ಜಿ ನುಣುಪುಮಾಡುವುದು ಬಹಳ ಹಳೆಯ ವಿದ್ಯೆ. ನಮ್ಮ ಕಡೆಯ ಕಾಡುಗಳಲ್ಲಿ ಬೆಳೆಯುವ ಗರಗತ್ತಿ ಮರದ ಎಲೆಯನ್ನು ಮುಟ್ಟಿ ನೋಡಿದವರಿಗೆ ಅದರ ಒರಟುತನವು ತಿಳಿದಿರಬಹುದು. ಅದು ಅತ್ತಿ, ಆಲಗಳ ಜಾತಿಗೆ ಸೇರಿದ ಮರ. ಕಾಗದದ ಕಾಲಕ್ಕೆ ಮುಂಚೆ ಬಡಗಿಗಳು ಮರವನ್ನು ಆ ಎಲೆಯಿಂದಲೇ ಉಜ್ಜುತ್ತಿದ್ದರು. ಚನ್ನಪಟ್ಟಣದ ಅರಗಿನ ಆಟಿಕೆಗಳಿಗೆ ಕೊನೆಯ ಹೊಳಪು ಬರುವುದು ಕೇದಗೆಯ ಗರಿಯನ್ನು ಒತ್ತಿ ಹಿಡಿದಾಗ. ಚೀನದೇಶದಲ್ಲಿ ಹದಿಮೂರನೆಯ ಶತಮಾನದಲ್ಲಿಯೇ ಚಿಪ್ಪಿನ ಪುಡಿಯನ್ನೂ ಮರಳನ್ನೂ ಮರದ ಅಂಟಿನಿಂದ ಚರ್ಮದ ಹಾಳೆಗೆ ಹಚ್ಚುತ್ತಿದ್ದರು. 1834ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದ ಐಸಾಕ್ ಫಿಶರ್ ಎಂಬವನಿಗೆ ಮರಳುಕಾಗದದ ತಯಾರಿಕೆಯ ಬಗ್ಗೆ ಪೇಟೆಂಟು ದೊರೆಯಿತು. 1891ರಲ್ಲಿ ಎಡ್ವರ್ಡ್ ಅಚೆಸನ್ ಎಂಬ ವಿಜ್ಞಾನಿಯು ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ತಯಾರಿಸಿ ಅದಕ್ಕೆ ಕಾರ್ಬೊರಂಡಮ್ ಎಂದು ಹೆಸರಿಟ್ಟನು. 1926ರಲ್ಲಿ ಅಮೆರಿಕದ ಪೋರ್ಟರ್ ಕೇಬಲ್ ಕಂಪೆನಿಯು ಕೈಯಲ್ಲಿ ಹಿಡಿದು ನಡೆಸಬಹುದಾದ ಬೆಲ್ಟ್ ಸ್ಯಾಂಡರನ್ನು ಹೊರತಂದಿತು. ನಮ್ಮ ದೇಶದಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪೆನಿಯು 1954ರಲ್ಲಿ ಮದ್ರಾಸಿನಲ್ಲಿ ಆರಂಭವಾಯಿತು. ಆ ಕಾಲದಲ್ಲಿ ನಮ್ಮ ಕಾಸರಗೋಡು ತಾಲೂಕೂ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದುದಾಗಿತ್ತು. 1956ನೆಯ ನವೆಂಬರ 1ರಂದು ಕೇರಳಕ್ಕೆ ಸೇರಿತು.

ಬೆಲ್ಟಿನ ರಚನೆ

ಬೆಲ್ಟಿನಲ್ಲಿ ಮುಖ್ಯವಾಗಿ ಮೂರು ಅಂಗಗಳಿವೆ. ಮೊದಲನೆಯದು ಬೆನ್ನು, ಅಂದರೆ ಹತ್ತಿಯ ಅಥವಾ ಪಾಲಿಯೆಸ್ಟರ್ ನೂಲಿನ ಗಟ್ಟಿಯಾದ ಬಟ್ಟೆ. ಎಳೆತವನ್ನು ತಾಳುವುದು ಅದರ ಕೆಲಸ. ಎರಡನೆಯದು ಕಣ, ಅಂದರೆ ಮರವನ್ನು ಕೆರೆಯುವ ಹರಳು. ಮರಳಿನ ಮುಖ್ಯಾಂಶವಾದ ಬೆಣಚುಕಲ್ಲಿನ ಗಡಸುತನವು ಮೋಸ್ ಮಾನದಲ್ಲಿ 7 ಆದರೆ, ಇಂದಿನ ಬೆಲ್ಟುಗಳಲ್ಲಿ ಬಳಸುವ ಅಲ್ಯೂಮಿನಿಯಂ ಆಕ್ಸೈಡಿನದು 9, ವಜ್ರದ್ದು 10. ಹೆಸರು ಮರಳುಕಾಗದವೆಂದಿದ್ದರೂ ಈಗ ಅದರಲ್ಲಿ ಮರಳೂ ಇಲ್ಲ, ಬೆಲ್ಟಿನಲ್ಲಾದರೆ ಅನೇಕ ವೇಳೆ ಕಾಗದವೂ ಇಲ್ಲ. ಮೂರನೆಯದು ಅಂಟು. ಒಂದು ಲೇಪವು ಕಣವನ್ನು ಬಟ್ಟೆಗೆ ಹಿಡಿಸುವುದು. ಅದರ ಮೇಲಿನ ಇನ್ನೊಂದು ಲೇಪವು ಕಣಗಳ ಬುಡವನ್ನು ಸುತ್ತುಗಟ್ಟಿ ಭದ್ರಪಡಿಸುವುದು. ಹಿಂದೆ ಇದಕ್ಕೆ ಚರ್ಮ ಎಲುಬುಗಳಿಂದ ಕಾಯಿಸಿ ತೆಗೆದ ಸರೇಸನ್ನು ಬಳಸುತ್ತಿದ್ದರು. ಈಗ ಕೃತಕ ರಾಳಗಳನ್ನು ಬಳಸುವರು.

ಬೆಲ್ಟಿನ ಹಿಂಬದಿಯಲ್ಲಿ 60, 120, 240 ಎಂಬಂತಹ ಅಂಕೆಗಳಿರುವುವು. ಇದು ಕಣದ ಗಾತ್ರವನ್ನು ಸೂಚಿಸುವ ಸಂಖ್ಯೆ. ಕಣವನ್ನು ಸೋಸುವ ಜರಡಿಯ ಒಂದು ಅಂಗುಲದಲ್ಲಿ ಎಷ್ಟು ಕಣ್ಣುಗಳೆಂಬ ಲೆಕ್ಕದಿಂದ ಇದು ಬಂದುದು. ಆದುದರಿಂದ ಅಂಕೆ ಹೆಚ್ಚಿದಂತೆ ಕಣವು ಸಣ್ಣದಾಗುವುದು. 60ರ ಕಣವು ಸುಮಾರು ಕಾಲು ಮಿಲ್ಲಿಮೀಟರು. 120ರದು ಅದರ ಅರ್ಧದಷ್ಟು. 240ರದು ಇನ್ನೂ ಅರ್ಧಕ್ಕಿಂತ ತುಸು ಕಡಮೆ.

ಅಂಗಗಳು ಮೂರಾದರೂ ಬೆಲ್ಟು ಉಂಗುರವಾಗುವುದು ನಾಲ್ಕನೆಯದೊಂದರಿಂದ, ಅದೇ ಸಂದು. ನೀಳವಾದ ತುಂಡಿನ ಎರಡು ತುದಿಗಳನ್ನು ಕೂಡಿಸಿದ ಸ್ಥಳವೇ ಸಂದು. ಇದರಲ್ಲಿ ಎರಡು ವಿಧಗಳುಂಟು. ಹಳೆಯ ಪದ್ಧತಿಯಲ್ಲಿ ಒಂದು ತುದಿಯ ಕಣವನ್ನು ಕೆರೆದು ತೆಗೆದು ಅದರ ಮೇಲೆ ಇನ್ನೊಂದು ತುದಿಯನ್ನು ಏರಿಸಿ ಅಂಟಿಸುವರು. ಇದು ಹೆಂಚಿನ ಮೇಲೆ ಹೆಂಚನ್ನು ಹೊದೆಸಿದಂತೆ. ಮಳೆನೀರು ಮೇಲಿನ ಹೆಂಚಿನಿಂದ ಕೆಳಗಿನ ಹೆಂಚಿಗೆ ಇಳಿಯಬೇಕಲ್ಲದೆ ಎದುರಾಗಿ ಹರಿದರೆ ಸಂದಿನೊಳಗೆ ನುಗ್ಗುವುದು. ಹಾಗೆಯೇ ಉಜ್ಜುವ ಮರವು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಜಾರಬೇಕು. ತಿರುವುಮುರುವಾದರೆ ಮರದ ಅಂಚು ಸಂದನ್ನು ಎಬ್ಬಿಸುವುದು. ಇಂತಹ ಬೆಲ್ಟಿನ ಹಿಂಬದಿಯಲ್ಲಿ ಬಾಣದ ಗುರುತು ಇರುವುದು ಈ ಕಾರಣದಿಂದಲೇ. ಹೊಸ ಪದ್ಧತಿಯಲ್ಲಿ ಎರಡು ತುದಿಗಳನ್ನೂ ಓರೆಯಾಗಿ ಕತ್ತರಿಸಿ, ಒಂದಕ್ಕೊಂದು ತಾಗುವಂತಿರಿಸಿ, ಹಿಂಬದಿಯಿಂದ ತೆಳ್ಳಗಿನ ಪಾಲಿಯೆಸ್ಟರ್ ಟೇಪನ್ನು ಶಾಖ ಮತ್ತು ಒತ್ತಡಗಳಿಂದ ಅಂಟಿಸುವರು.

ಬೆಲ್ಟು ತುಂಡಾಗುವುದೇಕೆ?

ಇದನ್ನು ತಿಳಿಯಲು ಸ್ವಲ್ಪ ಗಣಿತ ಬೇಕು. 75 ಮಿಲ್ಲಿಮೀಟರು ಅಗಲ, 533 ಮಿಲ್ಲಿಮೀಟರು ಸುತ್ತಳತೆಯ ಬೆಲ್ಟು ಕೈಯಂತ್ರಗಳಲ್ಲಿ ಸಾಮಾನ್ಯವಾದುದು. ಅದು ನಿಮಿಷಕ್ಕೆ 300 ಮೀಟರು ವೇಗದಿಂದ ಓಡುವುದೆಂದು ಇಟ್ಟುಕೊಳ್ಳೋಣ. 300ನ್ನು 0.533ರಿಂದ ಭಾಗಿಸಿದರೆ ಸುಮಾರು 563 ಬರುವುದು. ಅಂದರೆ ಸಂದು ಒಂದು ನಿಮಿಷದಲ್ಲಿ 563 ಸುತ್ತು ಬರುವುದು. ಪ್ರತಿ ಸುತ್ತಿನಲ್ಲಿಯೂ ಎರಡು ಉರುಳೆಗಳ ಮೇಲೆ ಎರಡು ಸಲ ಬಾಗಿ ನೆಟ್ಟಗಾಗುವುದು. ಹತ್ತು ನಿಮಿಷಗಳ ಕೆಲಸದಲ್ಲಿ ಹನ್ನೊಂದು ಸಾವಿರಕ್ಕೂ ಮಿಕ್ಕಿದ ಬಾಗುವಿಕೆ!

ಇನ್ನು ಎಳೆತದ ಲೆಕ್ಕ. 800 ವಾಟಿನ ಮೋಟಾರಿನ ಶಕ್ತಿಯೆಲ್ಲವೂ ಬೆಲ್ಟಿಗೆ ತಲುಪಿತೆಂದೇ ಭಾವಿಸೋಣ. ಶಕ್ತಿಯನ್ನು ವೇಗದಿಂದ ಭಾಗಿಸಿದರೆ ಬಲವು ದೊರೆಯುವುದು. ನಿಮಿಷಕ್ಕೆ 300 ಮೀಟರೆಂದರೆ ಸೆಕೆಂಡಿಗೆ 5 ಮೀಟರು. 800ನ್ನು 5ರಿಂದ ಭಾಗಿಸಲು 160 ನ್ಯೂಟನ್. ಸುಮಾರು 16 ಕಿಲೊಗ್ರಾಮು ತೂಕವನ್ನು ಎತ್ತಿಹಿಡಿಯುವ ಬಲ. ಟೇಪು ಸಂದಿನ ಒಂದೊಂದು ಬದಿಯಲ್ಲಿ 10 ಮಿಲ್ಲಿಮೀಟರು ಅಂಟಿಕೊಂಡಿದ್ದರೆ, ಆ ಬದಿಯ ಅಂಟಿನ ಕ್ಷೇತ್ರಫಲ 75 ಗುಣಿಸು 10, ಅಂದರೆ 750 ಚದರ ಮಿಲ್ಲಿಮೀಟರು. ಹಂಚಿಹೋದಾಗ ಒಂದು ಚದರ ಮಿಲ್ಲಿಮೀಟರಿಗೆ ಬರುವ ಭಾರ ಕಾಲು ನ್ಯೂಟನ್ನಿಗಿಂತಲೂ ಕಡಮೆ. ಬೆಲ್ಟನ್ನು ಬಿಗಿಹಿಡಿಯುವ ಸ್ಪ್ರಿಂಗಿನ ಎಳೆತವನ್ನು ಸೇರಿಸಿದರೂ ಒಳ್ಳೆಯ ಅಂಟಿಗೆ ಇದು ದೊಡ್ಡ ಹೊರೆಯಲ್ಲ.

ಹಾಗಾದರೆ ಸಂದು ಏಕೆ ಬಿಡುವುದು? ಬಲವು ಯಾವ ದಿಕ್ಕಿನಿಂದ ಬರುವುದೆಂಬುದರಲ್ಲಿದೆ ಈ ಪ್ರಶ್ನೆಗೆ ಉತ್ತರ. ಅಂಟಿದ ಎರಡು ಹಾಳೆಗಳನ್ನು ಅವುಗಳ ಮೈಯ ದಿಕ್ಕಿನಲ್ಲಿಯೇ ಎಳೆದರೆ ಅಂಟಿನ ಇಡೀ ಮೈ ಒಟ್ಟಾಗಿ ಆ ಬಲವನ್ನು ಎದುರಿಸುವುದು. ಆದರೆ ಒಂದು ಮೂಲೆಯನ್ನು ಹಿಡಿದು ಮೇಲಕ್ಕೆ ಸುಲಿದರೆ ಬಲವೆಲ್ಲವೂ ಒಂದು ಕೂದಲಿನಷ್ಟು ಅಗಲದ ಗೆರೆಯ ಮೇಲೆ ಬೀಳುವುದು. ಆ ಗೆರೆ ಸೋತೊಡನೆ ಮುಂದಿನ ಗೆರೆ, ಅದು ಸೋತೊಡನೆ ಅದರ ಮುಂದಿನದು. ಚಪ್ಪಲಿಯ ಅಟ್ಟೆಯು ನಡುವಿನಿಂದ ಬಿಡದೆ ಯಾವಾಗಲೂ ಮುಂತುದಿಯಿಂದಲೇ ಬಿಡುವುದನ್ನು ಎಲ್ಲರೂ ಕಂಡಿರುವಿರಿ. ಬೆಲ್ಟಿನ ಸಂದು ಉರುಳೆಯ ಮೇಲೆ ಬಾಗುವಾಗಲೆಲ್ಲ ಟೇಪಿನ ಅಂಚು ನೆಟ್ಟಗೆ ನಿಲ್ಲಲು ಹವಣಿಸಿ ಸುಲಿಯುವ ಬಲಕ್ಕೆ ಒಳಗಾಗುವುದು. ಅಂಟು ಎಳೆತದಿಂದ ಸೋಲುವುದು ಅಪರೂಪ. ಸುಲಿತದಿಂದ ಸೋಲುವುದೇ ಹೆಚ್ಚು.

ಇದಕ್ಕೆ ಸಹಕಾರಿಗಳಾದ ಇತರ ಕಾರಣಗಳೂ ಇವೆ. ಟೇಪಿನ ಅಂಟು ವರ್ಷಗಳು ಕಳೆದಂತೆ ಹಳತಾಗಿ ಪೆಡಸಾಗುವುದು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು. ಮಳೆಗಾಲದ ಗಾಳಿಯ ತೇವವನ್ನು ಹತ್ತಿಯ ಬಟ್ಟೆಯು ಹೀರಿ ಹಿಗ್ಗುವುದು. ಬಿಸಿಲು ಬಂದಾಗ ಕುಗ್ಗುವುದು. ಅಂಟಿನ ಪದರವಾದರೋ ಅಷ್ಟೇ ಪ್ರಮಾಣದಲ್ಲಿ ಹಿಗ್ಗದು, ಕುಗ್ಗದು. ಇವೆರಡರ ಜಗಳದಲ್ಲಿ ಸಂದು ಸಡಿಲಾಗುವುದು. ಇದಲ್ಲದೆ ಬೆಲ್ಟು ಓರೆಯಾಗಿ ಓಡಿ ಯಂತ್ರದ ಮೈಗೆ ತಾಗಿ ಅಂಚು ಹರಿಯುವುದು, ಮರದ ಮೊಳೆ ಅಥವಾ ಚೂಪಾದ ಅಂಚು ಸಿಕ್ಕಿಕೊಳ್ಳುವುದು, ಅತಿಯಾಗಿ ಒತ್ತಿ ಬಿಸಿಮಾಡುವುದು ಇವೂ ಕಾರಣಗಳೇ.

ದುರಸ್ತಿಗೆ ಯೋಗ್ಯವೇ?

ಬಲೆ ಹರಿದಾಗ ನಮ್ಮ ಕಡಲಕರೆಯ ಮೀನುಗಾರರು ಒಡನೆ ಹೆಣೆಯಲು ತೊಡಗುವುದಿಲ್ಲ. ಹರಿದ ತೂತಿನ ಸುತ್ತಲಿನ ನೂಲನ್ನು ಮೊದಲು ಪರೀಕ್ಷಿಸಿ, ಕೆಟ್ಟ ನೂಲನ್ನು ಗಟ್ಟಿ ಗಂಟು ಸಿಕ್ಕುವವರೆಗೆ ಕತ್ತರಿಸಿ, ಆಮೇಲೆ ಹೆಣೆಯುವರು. ಬೆಲ್ಟಿಗೂ ಇದೇ ನ್ಯಾಯ. ತುಂಡಾದ ಬೆಲ್ಟನ್ನು ಬೆಳಕಿನಲ್ಲಿ ಹಿಡಿದು ಈ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

1. ಎಲ್ಲಿ ತುಂಡಾಗಿದೆ? ಸಂದಿನ ಟೇಪು ಮಾತ್ರ ಬಿಟ್ಟು, ಓರೆಯಾದ ಎರಡು ತುದಿಗಳೂ ಹೊಸದಾಗಿ ಕತ್ತರಿಸಿದಂತಿದ್ದರೆ ಬೆಲ್ಟಿನ ಮೈ ಕೆಟ್ಟಿಲ್ಲ, ದುರಸ್ತಿಗೆ ಯೋಗ್ಯ. ಬಟ್ಟೆಯೇ ನಡುವೆ ಹರಿದಿದ್ದರೆ ಇಡೀ ಬಟ್ಟೆ ಸೋತಿದೆಯೆಂದು ಅರ್ಥ. ಒಂದೆಡೆ ಕೂಡಿಸಿದರೆ ಇನ್ನೊಂದೆಡೆ ಹರಿಯುವುದು.

2. ಬಾಗಿದಾಗ ಏನಾಗುವುದು? ಕಣದ ಬದಿ ಹೊರಗಿರುವಂತೆ ಯಂತ್ರದ ಉರುಳೆಯಷ್ಟು ದಪ್ಪದ ಕೊಳವೆಗೆ ಸುತ್ತಬೇಕು. ಕಣಗಳು ಪದರಪದರವಾಗಿ ಉದುರಿದರೆ ಅದರ ಆಯುಷ್ಯ ಮುಗಿದಿದೆ.

3. ಅಂಚು ಹೇಗಿದೆ? ಅಂಚಿನಲ್ಲಿ ಹರಕು ಇದ್ದರೆ ಬಿಡಬೇಕು. ಹರಕು ಒಂದು ಬಗೆಯ ಆರಂಭವಾದ ಸುಲಿತ. ಬಲವೆಲ್ಲ ಅದರ ತುದಿಗೇ ನೆರೆಯುವುದು.

4. ಕಣದಲ್ಲಿ ಇನ್ನೂ ಹರಿತ ಉಂಟೇ? ಬೆರಳಿಗೆ ನುಣ್ಣಗೆ ತೋರುವ ಬೆಲ್ಟಿಗೆ ಶ್ರಮಪಡುವುದು ವ್ಯರ್ಥ.

ಈ ನಾಲ್ಕರಲ್ಲಿ ಒಂದರಲ್ಲಿ ತಪ್ಪಿದರೂ ಅದನ್ನು ಯಂತ್ರಕ್ಕೆ ಮತ್ತೆ ಹಾಕಬಾರದು. ಆದರೆ ಎಸೆಯಬೇಕಾಗಿಯೂ ಇಲ್ಲ. ಚೌಕಟ್ಟಾಗಿ ಕತ್ತರಿಸಿ ಮರದ ಹಲಗೆಗೆ ಅಂಟಿಸಿದರೆ ಗೆರಟೆಯನ್ನು ಕೈಯಿಂದ ಉಜ್ಜಲು ಮಕ್ಕಳಿಗೆ ಒದಗುವುದು. ಯಂತ್ರಕ್ಕೆ ಸಲ್ಲದುದು ಕೈಗೆ ಸಲ್ಲುವುದು.

ದುರಸ್ತಿಯ ಕ್ರಮ

ಮೊದಲು ಯಂತ್ರದ ಪ್ಲಗ್ಗನ್ನು ಕಿತ್ತು ಬೆಲ್ಟನ್ನು ಹೊರತೆಗೆಯಬೇಕು. ಹಳೆಯ ಟೇಪಿನ ತುಣುಕು ಅಂಟಿಕೊಂಡಿದ್ದರೆ ಅದರ ಮೇಲೆ ಬಟ್ಟೆಯನ್ನು ಹಾಸಿ, ಇಸ್ತ್ರಿಪೆಟ್ಟಿಗೆಯಿಂದ ಹಗುರಾಗಿ ಬಿಸಿಮಾಡಿ, ಮೆಲ್ಲನೆ ಸುಲಿಯಬೇಕು. ಬಿಡದಿದ್ದರೆ ಬಲಾತ್ಕಾರ ಕೂಡದು. ಬಟ್ಟೆಯ ನೂಲೇ ಕಿತ್ತುಬರುವುದು. ಆಗ ಟೇಪಿದ್ದಷ್ಟು ಭಾಗವನ್ನು ಎರಡು ತುದಿಗಳಿಂದಲೂ ಕತ್ತರಿಸತಕ್ಕದ್ದು. ಹೀಗೆ ಕತ್ತರಿಸಿದರೆ ಬೆಲ್ಟು ಕಿರಿದಾಗುವುದೆಂಬುದನ್ನು ಮರೆಯಬಾರದು. 533ರಲ್ಲಿ 15 ಮಿಲ್ಲಿಮೀಟರು ಹೋದರೆ 518 ಉಳಿಯುವುದು. ಯಂತ್ರದ ಮುಂದಿನ ಉರುಳೆಯು ಅಷ್ಟು ಹಿಂದಕ್ಕೆ ಸರಿಯುವುದೇ ಎಂದು ಕತ್ತರಿಸುವ ಮುನ್ನವೇ ಅಳೆದು ನೋಡಬೇಕು.

ಕತ್ತರಿಸುವುದು ಬಟ್ಟೆಯ ಬದಿಯಿಂದ. ಕಣದ ಬದಿಯಿಂದ ಕತ್ತರಿಸಿದರೆ ಚೂರಿಯು ಒಡನೆ ಮೊಂಡಾಗುವುದು. ಉಕ್ಕಿನ ಪಟ್ಟಿಯನ್ನು ಆನಿಸಿ, ಬೆಲ್ಟಿನ ಅಂಚಿಗೆ 60 ಅಂಶದ ಕೋನದಲ್ಲಿ ಓರೆಯಾಗಿ ಕತ್ತರಿಸಬೇಕು. ನೆಟ್ಟಗೆ ಅಡ್ಡವಾಗಿ ಏಕೆ ಬಾರದು? ಅಡ್ಡ ಸಂದು ಉರುಳೆಯ ಮೇಲೆ ಒಮ್ಮೆಗೇ ಬಂದು ಬೀಳುವುದು. ಓರೆ ಸಂದು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಏರುವುದು. ಇದಲ್ಲದೆ ಅಡ್ಡ ಸಂದಿನ ಉದ್ದ 75 ಮಿಲ್ಲಿಮೀಟರಾದರೆ, 60 ಅಂಶದ ಓರೆ ಸಂದಿನ ಉದ್ದ ಸುಮಾರು 86.6 ಮಿಲ್ಲಿಮೀಟರು, ಅಂಟಿಗೆ ಹೆಚ್ಚು ಸ್ಥಳ ಸಿಕ್ಕುವುದು. ಎರಡು ತುದಿಗಳ ಓರೆಯೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ತಪ್ಪಿದರೆ ಉಂಗುರದ ಒಂದು ಅಂಚು ಇನ್ನೊಂದಕ್ಕಿಂತ ಉದ್ದವಾಗಿ, ಬೆಲ್ಟು ಒಂದು ಬದಿಗೆ ಜಾರುತ್ತಲೇ ಇರುವುದು.

ಮುಂದಿನ ಕೆಲಸ ಶುಚಿಮಾಡುವುದು. ಇದರ ಮಹತ್ವವನ್ನು ಒಂದು ನಿಜವಾದ ಕಥೆಯಿಂದ ತಿಳಿಯಬಹುದು. 1914ರಲ್ಲಿ ಅಮೆರಿಕದ ಮಿನೆಸೋಟಾದ ತ್ರೀ ಎಂ ಕಂಪೆನಿಯ ಮರಳುಕಾಗದದಿಂದ ಕಣಗಳು ಉದುರುತ್ತಿವೆಯೆಂದು ಕೊಂಡವರಿಂದ ದೂರು ಬರತೊಡಗಿತು. ಕಂಪೆನಿಯವರು ತಮ್ಮ ಅಂಟನ್ನು ಪರೀಕ್ಷಿಸಿದರು, ಅದರಲ್ಲಿ ದೋಷವಿರಲಿಲ್ಲ. ಕೊನೆಗೆ ಕಣವನ್ನು ನೀರಿಗೆ ಹಾಕಿದಾಗ ಮೇಲೆ ಎಣ್ಣೆ ತೇಲಿತು. ಸ್ಪೇನಿನಿಂದ ಕಣವನ್ನು ತಂದ ಹಡಗಿನಲ್ಲಿ ಆಲಿವ್ ಎಣ್ಣೆಯ ಪೀಪಾಯಿಗಳೂ ಇದ್ದುವು. ಬಿರುಗಾಳಿಗೆ ಸಿಕ್ಕಿ ಅವು ಸೋರಿ ಕಣದ ಮೂಟೆಗಳನ್ನು ತೊಯ್ಯಿಸಿದ್ದುವು. ಕಣವನ್ನು ಹುರಿದು ಎಣ್ಣೆಯನ್ನು ಕಳೆಯಬೇಕಾಯಿತು. ಕಣ್ಣಿಗೆ ಕಾಣದ ಜಿಡ್ಡು ಒಂದು ಕಾರ್ಖಾನೆಯನ್ನೇ ಸಂಕಟಕ್ಕೀಡುಮಾಡಿತೆಂದ ಮೇಲೆ, ತೆಂಗಿನೆಣ್ಣೆ ತಾಗಿದ ನಮ್ಮ ಬೆರಳು ಒಂದು ಸಂದನ್ನು ಕೆಡಿಸುವುದರಲ್ಲಿ ಆಶ್ಚರ್ಯವೇನು? ಆದುದರಿಂದ ಎರಡು ತುದಿಗಳ ಹಿಂಬದಿಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಸಣ್ಣ ಮರಳುಕಾಗದದಿಂದ ಹಗುರಾಗಿ ಉಜ್ಜಿ, ಧೂಳನ್ನು ಕೊಡವಿ, ಸ್ಪಿರಿಟಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಒರಸಿ, ಪೂರ್ತಿಯಾಗಿ ಒಣಗಿಸಬೇಕು. ಆಮೇಲೆ ಆ ಸ್ಥಳವನ್ನು ಬೆರಳಿನಿಂದ ಮುಟ್ಟಬಾರದು.

ಇನ್ನು ಟೇಪು ಮತ್ತು ಅಂಟು. ಬೆಲ್ಟು ಕೂಡಿಸುವುದಕ್ಕೆಂದೇ ಮಾಡಿದ ಪಾಲಿಯೆಸ್ಟರ್ ಟೇಪು ದೊರೆತರೆ ಅದೇ ಉತ್ತಮ. ದೊರೆಯದಿದ್ದರೆ ತೆಳ್ಳಗಿನ, ಒತ್ತಾಗಿ ನೆಯ್ದ ಪಾಲಿಯೆಸ್ಟರ್ ಬಟ್ಟೆಯ 20 ಮಿಲ್ಲಿಮೀಟರು ಅಗಲದ ಪಟ್ಟಿಯನ್ನು ಬಳಸಬಹುದು. ಪೊಟ್ಟಣಕ್ಕೆ ಅಂಟಿಸುವ ಕಂದುಬಣ್ಣದ ಟೇಪು ಬಿಸಿಗೆ ಕರಗಿ ಜಾರುವುದರಿಂದ ಸರ್ವಥಾ ಬಾರದು. ಮರಕ್ಕೆ ಬಳಸುವ ಬಿಳಿಯ ಅಂಟು ಬಿಸಿಗೂ ತೇವಕ್ಕೂ ಮೆತ್ತಗಾಗುವುದು. ಎರಡು ಕೊಳವೆಗಳಿಂದ ಬೆರಸುವ ಸಾಧಾರಣ ಎಪಾಕ್ಸಿಯು ಗಟ್ಟಿಯಾದರೂ ಪೆಡಸು. ಚಿಕ್ಕ ಉರುಳೆಯ ಮೇಲೆ ಬಾಗುವಾಗ ಬಿರಿಯುವುದು. ಬಾಗಿದರೂ ಬಿರಿಯದ ಪಾಲಿಯುರಿಥೇನ್ ಅಂಟು ಈ ಕೆಲಸಕ್ಕೆ ಯೋಗ್ಯವಾದುದು. ಒಂದೇ ಕೊಳವೆಯಲ್ಲಿ ಬರುವ ಪಾಲಿಯುರಿಥೇನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿ ಎಂಬುದು ಸ್ವಾರಸ್ಯಕರ. ಹತ್ತಿಯ ಬೆಲ್ಟಿಗೆ ಹಗೆಯಾದ ನಮ್ಮ ಮಳೆಗಾಲವು ಈ ಅಂಟಿಗೆ ಗೆಳೆಯ!

ನೇರವಾದ ಹಲಗೆಯೊಂದರ ಅಂಚಿಗೆ ಬೆಲ್ಟಿನ ಅಂಚನ್ನು ಆನಿಸಿ, ಕಣದ ಬದಿಯನ್ನು ಕೆಳಗೆ ಮಾಡಿ, ಎರಡು ತುದಿಗಳನ್ನು ಕೂದಲೂ ತೂರದಂತೆ ತಾಗಿಸಬೇಕು. ಅಂಟನ್ನು ತೆಳ್ಳಗೆ ಸವರಿ, ಟೇಪು ಎರಡು ಬದಿಗೂ ಸಮನಾಗಿ 10 ಮಿಲ್ಲಿಮೀಟರಿನಂತೆ ಬರುವ ಹಾಗೆ ಸಂದಿನ ಗುಂಟ ಇಡಬೇಕು. ದಪ್ಪವಾಗಿ ಹಚ್ಚಿದರೆ ಗಟ್ಟಿಯಾದೀತೆಂಬುದು ಭ್ರಮೆ. ದಪ್ಪ ಸಂದು ಬಾಗಲಾರದು, ಬಾಗಲಾರದುದು ಸುಲಿದುಹೋಗುವುದು. ಮೇಲೆ ಮೇಣದ ಕಾಗದವನ್ನೂ ಕೆಳಗೆ ತೆಳು ರಬ್ಬರಿನ ಹಾಳೆಯನ್ನೂ ಇಟ್ಟು, ಎರಡು ಸಮತಲ ಹಲಗೆಗಳ ನಡುವೆ ಕ್ಲಾಂಪಿನಿಂದ ಬಿಗಿದು 24 ಗಂಟೆಗಳ ಕಾಲ ಬಿಡಬೇಕು. ತೆಗೆದ ಮೇಲೆ ಅಂಚಿನಿಂದ ಹೊರಬಂದ ಟೇಪನ್ನೂ ಅಂಟನ್ನೂ ಕತ್ತರಿಸಬೇಕು. ಬೆಲ್ಟನ್ನು ಮಡಚಿ ಹಿಡಿದಾಗ ಎರಡು ಅಂಚುಗಳೂ ಒಂದರ ಮೇಲೊಂದು ಸರಿಯಾಗಿ ಕೂತರೆ ಜೋಡಣೆಯು ನೇರವಾಗಿದೆಯೆಂದು ತಿಳಿಯಬಹುದು.

ಪರೀಕ್ಷೆ ಮತ್ತು ಎಚ್ಚರಿಕೆ

ಕೂಡಿಸಿದ ಬೆಲ್ಟನ್ನು ಒಡನೆ ಕೆಲಸಕ್ಕೆ ಹಚ್ಚಬಾರದು. ಮೊದಲು ಎರಡು ಕೈಗಳಿಂದ ಬಲವಾಗಿ ಎಳೆಯಬೇಕು. ಆಮೇಲೆ ಉರುಳೆಯಷ್ಟು ದಪ್ಪದ ಕೊಳವೆಯ ಮೇಲೆ ಹತ್ತಾರು ಸಲ ಬಾಗಿಸಿ ಟೇಪಿನ ಅಂಚು ಏಳುವುದೇ ಎಂದು ನೋಡಬೇಕು. ಇಷ್ಟಾದ ಬಳಿಕ ಯಂತ್ರಕ್ಕೆ ಹಾಕಿ, ಪ್ಲಗ್ಗನ್ನು ಚುಚ್ಚುವ ಮುನ್ನ ಕೈಯಿಂದಲೇ ಕೆಲವು ಸುತ್ತು ತಿರುಗಿಸಬೇಕು. ಆಮೇಲೆ ಕಣ್ಣಿಗೆ ಕನ್ನಡಕವನ್ನು ಹಾಕಿ, ಬೆಲ್ಟು ಓಡುವ ರೇಖೆಯಲ್ಲಿ ನಿಲ್ಲದೆ ಬದಿಗೆ ನಿಂತು, ಎರಡು ಮೂರು ನಿಮಿಷ ಬರಿದಾಗಿ ಓಡಿಸಿ, ನಿಲ್ಲಿಸಿ, ಸಂದನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಸೆಕೆಂಡಿಗೆ 5 ಮೀಟರು ವೇಗದಿಂದ ಹಾರುವ ಬೆಲ್ಟಿನ ತುದಿಯು ಕಣ್ಣಿಗೆ ತಾಗುವುದಕ್ಕೆ ಬೇಕಾಗುವ ಕಾಲವು ರೆಪ್ಪೆಯಾಡುವುದಕ್ಕೆ ಸಾಲದು. ಬೆಲ್ಟನ್ನು ಕೂಡಿಸಬಹುದು, ಕಣ್ಣನ್ನು ಕೂಡಿಸುವಂತಿಲ್ಲ.

ದುರಸ್ತಿಮಾಡಿದ ಬೆಲ್ಟು ಹಗುರವಾದ ಕೆಲಸಕ್ಕೆ ಮಾತ್ರ. ಚೂರಿ ಕತ್ತಿಗಳನ್ನು ಮಸೆಯುವ ಯಂತ್ರಗಳಲ್ಲಿ ಬೆಲ್ಟಿನ ವೇಗವು ಕೈಯಂತ್ರದ್ದಕ್ಕಿಂತ ನಾಲ್ಕೈದು ಪಾಲು ಹೆಚ್ಚಿರುವುದುಂಟು. ಅಲ್ಲಿ ಮನೆಯಲ್ಲಿ ಕೂಡಿಸಿದ ಬೆಲ್ಟನ್ನು ಹಾಕಲೇಬಾರದು. ಮರದ ಧೂಳು ತುಂಬಿದ ಚೀಲವಿರುವ ಯಂತ್ರದಲ್ಲಿ ಕಬ್ಬಿಣವನ್ನು ಉಜ್ಜಬಾರದು. ಕಿಡಿಯು ಧೂಳಿಗೆ ತಾಗಿ ಬೆಂಕಿ ಹತ್ತುವುದು. ಮೂಗು ಬಾಯಿಗಳಿಗೆ ಮುಸುಕು ಅವಶ್ಯ. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿಯೇ ನಿರ್ಣಯಿಸಿದೆ. ವಿದ್ಯಾರ್ಥಿಗಳು ಅಳೆಯುವುದು, ಕತ್ತರಿಸುವುದು, ಅಂಟಿಸುವುದು ಇವನ್ನು ಹಿರಿಯರ ಜೊತೆಯಲ್ಲಿ ಮಾಡಬಹುದು. ಯಂತ್ರವನ್ನು ನಡೆಸುವುದು ಹಿರಿಯರಿಗೇ ಇರಲಿ.

ಮಳೆಗಾಲದ ರಕ್ಷಣೆ

ದುರಸ್ತಿಗಿಂತ ರಕ್ಷಣೆ ಸುಲಭ. ಬೆಲ್ಟುಗಳನ್ನು ಇಡಲು ಗಾಳಿಯ ತೇವವು ನೂರಕ್ಕೆ 40ರಿಂದ 60ರೊಳಗೆ ಇರಬೇಕೆಂದು ತಯಾರಕರು ಹೇಳುವರು. ನಮ್ಮ ಆಷಾಢ ಶ್ರಾವಣಗಳಲ್ಲಿ ಅದು 80ನ್ನೂ ಮೀರುವುದು. ಒಲೆಯ ಮೇಲಿನ ಅಟ್ಟವು ಒಣಗಿರುವುದು ನಿಜವಾದರೂ ಹೊಗೆಯ ಜಿಡ್ಡು ಅಲ್ಲಿ ಸೇರುವುದರಿಂದ ಬೆಲ್ಟಿಗೆ ಅದು ತಕ್ಕ ಸ್ಥಳವಲ್ಲ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾದ ಪೊಟ್ಟಣದೊಡನೆ ಇಡುವುದು ಒಳ್ಳೆಯದು. ಬೇಸಗೆಯಲ್ಲಿ ತೂಗಹಾಕುವುದಾದರೆ ಮೊಳೆಗೆ ಬೇಡ. ಮೊಳೆಯ ಮೇಲೆ ಮಡಿಕೆ ಬಿದ್ದು ಅಲ್ಲಿಯೇ ಬಿರಿಯುವುದು. ಗೋಡೆಗೆ ಜಡಿದ ದಪ್ಪ ಮರದ ಗೂಟಕ್ಕೆ ತೂಗಹಾಕಬೇಕು. ಕೆಲಸ ಮುಗಿದೊಡನೆ ಬೆಲ್ಟಿನ ಬಿಗಿತವನ್ನು ಸಡಿಲಿಸಬೇಕು. ಕೊಂಡ ತಿಂಗಳನ್ನೂ ವರ್ಷವನ್ನೂ ಹಿಂಬದಿಯಲ್ಲಿ ಬರೆದಿಟ್ಟು ಹಳೆಯದನ್ನು ಮೊದಲು ಬಳಸಬೇಕು.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಒಂದೇ ಅಗಲದ ಎರಡು ಕಾಗದದ ಪಟ್ಟಿಗಳ ತುದಿಗಳನ್ನು ಅಂಟಿಸಿ ಒಣಗಿಸಿರಿ. ಮೊದಲು ಉದ್ದಕ್ಕೆ ಎಳೆಯಿರಿ. ಆಮೇಲೆ ಇನ್ನೊಂದು ಜೊತೆಯನ್ನು ಮೂಲೆಯಿಂದ ಸುಲಿಯಿರಿ. ಯಾವುದಕ್ಕೆ ಹೆಚ್ಚು ಬಲ ಬೇಕಾಯಿತು?

2. 915 ಮಿಲ್ಲಿಮೀಟರು ಸುತ್ತಳತೆಯ ಬೆಲ್ಟು ನಿಮಿಷಕ್ಕೆ 400 ಮೀಟರು ವೇಗದಿಂದ ಓಡಿದರೆ ಅದರ ಸಂದು ಒಂದು ನಿಮಿಷದಲ್ಲಿ ಎಷ್ಟು ಸಲ ಬಾಗುವುದು?

3. 75 ಮಿಲ್ಲಿಮೀಟರು ಅಗಲದ ಬೆಲ್ಟನ್ನು 45 ಅಂಶದಲ್ಲಿ ಕತ್ತರಿಸಿದರೆ ಸಂದಿನ ಉದ್ದವೆಷ್ಟು? ಹಾಗೆ ಮಾಡಿದರೆ ಬೆಲ್ಟಿನ ಎಷ್ಟು ಭಾಗ ನಷ್ಟವಾಗುವುದು?

4. ನಿಮ್ಮ ಮನೆಯಲ್ಲಿ ಅಂಟು ಬಿಟ್ಟ ಒಂದು ವಸ್ತುವನ್ನು ಹುಡುಕಿರಿ. ಅದು ಎಳೆತದಿಂದ ಬಿಟ್ಟಿತೇ, ಸುಲಿತದಿಂದ ಬಿಟ್ಟಿತೇ, ಜಿಡ್ಡಿನಿಂದ ಬಿಟ್ಟಿತೇ ಎಂದು ಬರೆಯಿರಿ.

ಹೆತ್ತವರಲ್ಲಿ ನಮ್ಮದೊಂದು ವಿಜ್ಞಾಪನೆ. ಮಕ್ಕಳು ಶಾಲೆಯಲ್ಲಿ ಬಲ, ವೇಗ, ಕೋನ, ಕ್ಷೇತ್ರಫಲಗಳನ್ನು ಬೇರೆಬೇರೆ ಪಾಠಗಳಾಗಿ ಓದುವರು. ಇವೆಲ್ಲವೂ ಒಂದು ಅಂಗೈಯಗಲದ ಬಟ್ಟೆಯಲ್ಲಿ ಕೂಡಿ ಬರುವುದನ್ನು ಮನೆಯಲ್ಲಿ ಮಾತ್ರ ಕಾಣಬಲ್ಲರು. ಆದುದರಿಂದ ಮನೆಯಲ್ಲಿ ಏನಾದರೂ ತುಂಡಾದಾಗ ಮಕ್ಕಳನ್ನು ದೂರ ಕಳುಹಿಸದೆ ಹತ್ತಿರ ಕರೆದು, ‘ಇದು ಎಲ್ಲಿ ಬಿಟ್ಟಿತು, ನೋಡು’ ಎಂದು ತೋರಿಸಿರಿ. ಕೂಡಿಸಬಹುದಾದುದನ್ನು ಕೂಡಿಸುವುದು ಒಂದು ಗುಣ. ಕೂಡಿಸಬಾರದುದನ್ನು ಗುರುತಿಸಿ ಬದಿಗಿಡುವುದು ಅದಕ್ಕೆ ಸಮನಾದ ಇನ್ನೊಂದು ಗುಣ. ಇವೆರಡನ್ನೂ ಒಟ್ಟಿಗೆ ಕಲಿತ ಮಗು ಹಣವನ್ನು ಉಳಿಸುವುದಲ್ಲದೆ ತನ್ನ ಕೈಕಣ್ಣುಗಳನ್ನೂ ಉಳಿಸಿಕೊಳ್ಳುವುದು.